ಬಿದ್ದ ಮೇಲಲ್ಲ, ಬೀಳುವ ಮೊದಲೇ ಬದಲಾಗಲಿ ಸೇತುವೆ

2024ರ ಆಗಸ್ಟ್ 7ರ ಬೆಳಿಗ್ಗೆ ಆರು ಗಂಟೆಗೆ ಸದಾಶಿವಗಡದಿಂದ ತಂಗಿಯ ಫೋನ್ ಬಂತು. ಅಷ್ಟು ಬೆಳಿಗ್ಗೆ ಊರಿನಿಂದ ಫೋನ್ ಬಂದರೆ ಹೊರಗಿರುವ ನಮ್ಮಂಥವರ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಅದು ಅವಳಿಗೂ ಗೊತ್ತು. ‘ಅಣ್ಣಾ, ನಾವೆಲ್ಲ ಅರಾಮ ಇದ್ದೇವೆ’ ಎಂದೇ ಮಾತು ಶುರು ಮಾಡಿದಳು. ‘ರಾತ್ರಿ ಕಾಳಿ ನದಿಯ ಹಳೇ ಸೇತುವೆ ಬಿದ್ದುಹೋಗಿದೆ. ಒಂದು ಲಾರಿ ನೀರಿಗೆ ಬಿದ್ದಿದೆ. ಡ್ರೈವರನ್ನು ಉಳಿಸಿದ್ದಾರಂತೆ.’

ಗೋವಾ ಕಡೆಯಿಂದ ಕಾರವಾರಕ್ಕೆ ಬರುವ ವಾಹನಗಳೆಲ್ಲ ಆ ಹಳೇ ಸೇತುವೆಯ ಮೇಲೇ ಬರುತ್ತಿದ್ದವು. ತಂಗಿಯ ಗಂಡ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಬೈಕಿನಲ್ಲಿ ಅದೇ ಸೇತುವೆ ದಾಟಿ ಕೆಲಸಕ್ಕೆ ಹೋಗುವವರು. ಸೇತುವೆ ಬಿದ್ದದ್ದು ನಡುರಾತ್ರಿ ಒಂದು ಗಂಟೆಯ ಸುಮಾರಿಗೆ. ಏಳು ಗಂಟೆಯ ಅಂತರ. ಮೂರು ವಾರದ ಹಿಂದೆ ರಜೆಗೆ ಹೋಗಿದ್ದಾಗ ಆಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಕಾರವಾರದ ಆಸ್ಪತ್ರೆಗೆ ನಾನೇ ಅದೇ ದಾರಿಯಲ್ಲಿ ಕರೆದೊಯ್ದಿದ್ದೆ.

ತಂಗಿಯ ಕೈಯಿಂದ ಆಯಿ ಫೋನ್ ತೆಗೆದುಕೊಂಡಳು. ‘ತಮಾ, ನೀ ಸೇತುವೆ ಕಟ್ಟುವವ ಅಲ್ದಾ? ಅದು ಬೀಳ್ತದೆ ಅಂತ ನಿಂಗೆ ಗೊತ್ತಾಗ್ಲಿಲ್ವಾ?’ ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಎರಡನೇ ಪ್ರಶ್ನೆ ಬಂತು. ‘ಮೊನ್ನೆ ವಯನಾಡಲ್ಲಿ ಮಿಲ್ಟ್ರಿಯವರು ಒಂದೂವರೆ ದಿನದಲ್ಲಿ ಸೇತುವೆ ಕಟ್ಟಿದ್ದನ್ನ ಟೀವಿಯಲ್ಲಿ ನೋಡಿದೆ. ಇಲ್ಲಿ ಯಾಕೆ ಆಗೂದಿಲ್ಲ?’

ನವಿ ಮುಂಬೈನ ಒಂದು ಸಲಹಾ ಸಂಸ್ಥೆಯಲ್ಲಿ ಹೆದ್ದಾರಿ ಸೇತುವೆಗಳ ನಕ್ಷೆ ಮತ್ತು ಕೆಲಸದ ಯೋಜನೆ ಮಾಡುತ್ತ ನನಗೆ 24 ವರ್ಷವಾಯಿತು. ಸೇತುವೆಗಳನ್ನು ಕಡಿಮೆ ದಿನಗಳಲ್ಲಿ ಬದಲಿಸುವುದು ಹೇಗೆ ಎಂಬುದೇ ಈಚಿನ ವರ್ಷಗಳಲ್ಲಿ ನನ್ನ ಮುಖ್ಯ ಕೆಲಸ. ಹಾಗಿದ್ದೂ ಆಯಿಯ ಎರಡು ಪ್ರಶ್ನೆಗಳಿಗೆ ಅಂದು ಸರಿಯಾದ ಉತ್ತರ ಕೊಡಲಿಲ್ಲ. ‘ಆಮೇಲೆ ಹೇಳ್ತೆ’ ಎಂದು ಫೋನ್ ಇಟ್ಟೆ.

ಒಂದೇ ಹೆದ್ದಾರಿ, ಎರಡು ನದಿ

ಆ ಸೇತುವೆಗೂ ನನಗೂ ಹಳೆಯ ಪರಿಚಯ. 1983ರಲ್ಲಿ ಅದರ ಮೇಲೆ ವಾಹನ ಓಡಾಟ ಶುರುವಾದಾಗ ನಾನು ಎರಡನೇ ಕ್ಲಾಸು. ಅದಕ್ಕೂ ಮುಂಚೆ ಕೋಡಿಬಾಗದಿಂದ ಆಚೆ ದಡಕ್ಕೆ ಹೋಗಬೇಕಾದರೆ ಲಾಂಚಿಗೆ ಕಾಯಬೇಕಿತ್ತು. ಮಳೆಗಾಲದಲ್ಲಿ ನದಿ ಕೆಂಪಾಗಿ ಹರಿಯುವಾಗ ಅಪ್ಪ ದಡದಲ್ಲೇ ಗಂಟೆಗಟ್ಟಲೆ ನಿಂತು ವಾಪಸು ಬಂದದ್ದೂ ಉಂಟು. ಸೇತುವೆಯ ಮೇಲೆ ಮೊದಲ ಸಲ ನಡೆದು ಹೋದಾಗ ಅಪ್ಪ ನನ್ನ ಕೈ ಹಿಡಿದು ಕೆಳಗೆ ಬಗ್ಗಿ ತೋರಿಸಿದ್ದರು. ನಾನು ಸಿವಿಲ್ ಎಂಜಿನಿಯರಿಂಗ್ ಆಯ್ದುಕೊಳ್ಳಲು ಆ ಮಧ್ಯಾಹ್ನವೂ ಒಂದು ಕಾರಣವಿರಬೇಕು.

ಮುಂಬೈನಿಂದ ಊರಿಗೆ ಕಾರಿನಲ್ಲಿ ಹೋಗುವ ಕರಾವಳಿ ಕನ್ನಡಿಗರಿಗೆ ಪನವೇಲಿನಿಂದ ಶುರುವಾಗುವ ರಾಷ್ಟ್ರೀಯ ಹೆದ್ದಾರಿ 66 ಮನೆಯ ಅಂಗಳದಷ್ಟು ಪರಿಚಿತ. ಅದೇ ದಾರಿಯಲ್ಲಿ ಮಹಾಡದ ಹತ್ತಿರ ಸಾವಿತ್ರಿ ನದಿ ಸಿಗುತ್ತದೆ. 2016ರ ಆಗಸ್ಟ್ 2ರ ರಾತ್ರಿ ಅಲ್ಲಿ ಬ್ರಿಟಿಷರ ಕಾಲದ ಕಲ್ಲಿನ ಕಮಾನು ಸೇತುವೆ ಪ್ರವಾಹಕ್ಕೆ ಕುಸಿಯಿತು. ಮುಂಬೈ ಕಡೆಗೆ ಬರುತ್ತಿದ್ದ ಎರಡು ಎಸ್‌ಟಿ ಬಸ್ಸುಗಳೂ ಬೇರೆ ವಾಹನಗಳೂ ಕತ್ತಲಲ್ಲಿ ನೀರಿಗೆ ಬಿದ್ದವು. ಬಸ್ಸುಗಳನ್ನು ಹುಡುಕಲು ನೌಕಾಪಡೆಯವರೇ ಬರಬೇಕಾಯಿತು.

ಎರಡು ಘಟನೆಗಳ ಹೋಲಿಕೆ ಗಮನಿಸಿ. ಎರಡೂ ಕಡೆ ಅಕ್ಕಪಕ್ಕದಲ್ಲಿ ಎರಡು ಸೇತುವೆಗಳಿದ್ದವು. ಎರಡೂ ಕಡೆ ಹೊಸದನ್ನು ಕಟ್ಟಿದ ಮೇಲೆ ಹಳೆಯದನ್ನು ನಿಲ್ಲಿಸದೆ ಒಂದು ದಿಕ್ಕಿನ ಸಂಚಾರಕ್ಕೆ ಉಳಿಸಿಕೊಳ್ಳಲಾಗಿತ್ತು. ಬಿದ್ದದ್ದು ಎರಡೂ ಕಡೆ ಹಳೆಯದೇ, ಮಳೆಗಾಲದ ರಾತ್ರಿಯಲ್ಲೇ, ಆಗಸ್ಟ್ ಮೊದಲ ವಾರದಲ್ಲೇ.

ಸಾವಿತ್ರಿಯ ಕಥೆಯಲ್ಲಿ ಮುಂದಿನ ಭಾಗವೂ ಇದೆ. ಆರು ತಿಂಗಳಲ್ಲಿ ಹೊಸ ಸೇತುವೆ ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಮಾತು ಕೊಟ್ಟರು. 239 ಮೀಟರ್ ಉದ್ದ, 16 ಮೀಟರ್ ಅಗಲದ ಸೇತುವೆ 165 ದಿನಗಳಲ್ಲಿ ಎದ್ದಿತು. 2017ರ ಜೂನ್ 5ರಂದು, ಮುಂದಿನ ಮಳೆಗಾಲ ಹಿಡಿದುಕೊಳ್ಳುವ ಮೊದಲೇ, ಉದ್ಘಾಟನೆಯಾಯಿತು. ನಮ್ಮ ದೇಶದಲ್ಲಿ ಅಷ್ಟು ದೊಡ್ಡ ಸೇತುವೆಗೆ ಎರಡು ಮೂರು ವರ್ಷ ಹಿಡಿಯುವುದು ಮಾಮೂಲು. ನಾವು ಎಂಜಿನಿಯರುಗಳೂ ಆಗ ಹುಬ್ಬೇರಿಸಿದ್ದೆವು. ಮನಸ್ಸು ಮಾಡಿದರೆ ನಮ್ಮವರೂ ಬೇಗ ಕಟ್ಟಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಆ ಮನಸ್ಸು ಬಂದದ್ದು ಎರಡು ಬಸ್ಸು ಮುಳುಗಿದ ಮೇಲೆ.

ತಡವಾಗುವುದು ಎಲ್ಲಿ?

ಸೇತುವೆ ಕಟ್ಟಲು ಯಾಕೆ ಅಷ್ಟು ದಿನ ಬೇಕು ಎಂಬುದು ಮನೆ ಕಟ್ಟಿಸಿದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಸ್ಲ್ಯಾಬ್ ಹಾಕುವ ಮೊದಲು ಸೆಂಟ್ರಿಂಗ್ ಕಟ್ಟಬೇಕು, ಕಂಬಿ ಹೆಣೆಯಬೇಕು, ಕಾಂಕ್ರೀಟ್ ಸುರಿದ ಮೇಲೆ ದಿನಾ ನೀರು ಹಾಕಬೇಕು, ಅದು ಬಲಿಯುವವರೆಗೆ ಸೆಂಟ್ರಿಂಗ್ ಬಿಚ್ಚುವಂತಿಲ್ಲ. ಕಾಂಕ್ರೀಟಿನ ಬಲವನ್ನು ನಾವು ಲೆಕ್ಕ ಹಾಕುವುದೇ 28ನೇ ದಿನಕ್ಕೆ. ಮೇಸ್ತ್ರಿಗೆ ಎಷ್ಟೇ ಅವಸರ ಮಾಡಿದರೂ ಕಾಂಕ್ರೀಟು ಅವಸರಪಡುವುದಿಲ್ಲ.

ಸೇತುವೆಯಲ್ಲಿ ಇದು ಒಂದರ ಮೇಲೊಂದು ಸಾಲಾಗಿ ಬರುತ್ತದೆ. ಮೊದಲು ಅಡಿಪಾಯ, ಅದು ಬಲಿತ ಮೇಲೆ ಕಂಬ, ಕಂಬ ಬಲಿತ ಮೇಲೆ ಅದರ ತಲೆಯ ಮೇಲಿನ ತೊಲೆ, ಅದರ ಮೇಲೆ ಗರ್ಡರು, ಕೊನೆಗೆ ನಾವು ಗಾಡಿ ಓಡಿಸುವ ಡೆಕ್ ಸ್ಲ್ಯಾಬು. ಒಂದು ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ. ನಡುವೆ ನಾಲ್ಕು ತಿಂಗಳ ಮಳೆಗಾಲ ಬಂದರೆ ನದಿಯೊಳಗಿನ ಕೆಲಸವೇ ನಿಲ್ಲುತ್ತದೆ.

ಬೇಗ ಕಟ್ಟುವ ವಿಧಾನಗಳ ಮೂಲ ಯೋಚನೆ ಈ ಸಾಲನ್ನು ಮುರಿಯುವುದು. ಕಂಬದ ಕೆಲಸ ನದಿಯಲ್ಲಿ ನಡೆಯುವಾಗಲೇ ಗರ್ಡರುಗಳನ್ನೂ ಸ್ಲ್ಯಾಬಿನ ತುಂಡುಗಳನ್ನೂ ಬೇರೆಲ್ಲೋ ಒಂದು ಯಾರ್ಡಿನಲ್ಲಿ ಎರಕ ಹೊಯ್ದು ಬಲಿಸಿಟ್ಟರೆ? ಮದುವೆ ಮನೆಯಲ್ಲಿ ಹಿಂದಿನ ರಾತ್ರಿಯೇ ಹತ್ತು ಜನ ಕೂತು ತರಕಾರಿ ಹೆಚ್ಚಿ, ಕಾಯಿ ತುರಿದು ಇಡುತ್ತಾರಲ್ಲ, ಹಾಗೆ. ಬೆಳಿಗ್ಗೆ ಒಲೆಯ ಮುಂದೆ ಅಡುಗೆ ಭಟ್ಟರು ವೇಗವಾಗಿ ಕೆಲಸ ಮಾಡಿದಂತೆ ಕಂಡರೆ ಅದರ ಗುಟ್ಟು ಹಿಂದಿನ ರಾತ್ರಿಯಲ್ಲಿದೆ.

ಇದನ್ನು ನಾವೆಲ್ಲ ದಿನಾ ನೋಡುತ್ತಿದ್ದೇವೆ ಕೂಡ. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ನಮ್ಮ ಬೆಂಗಳೂರು, ಎಲ್ಲ ಕಡೆ ಮೆಟ್ರೊ ದಾರಿಗಾಗಿ ರಾತ್ರಿ ಹೊತ್ತು ಉದ್ದನೆಯ ಟ್ರೇಲರುಗಳು ಕಾಂಕ್ರೀಟಿನ ದೊಡ್ಡ ದೊಡ್ಡ ತುಂಡುಗಳನ್ನು ಹೊತ್ತು ಬರುತ್ತವೆ. ರೈಲ್ವೆಯವರು ಹಳಿಯ ಕೆಳಗೆ ಸಬ್‌ವೇ ಮಾಡುವಾಗ ಮೊದಲೇ ಮಾಡಿಟ್ಟ ಕಾಂಕ್ರೀಟ್ ಪೆಟ್ಟಿಗೆಗಳನ್ನು ಕೆಲವೇ ಗಂಟೆಗಳ ಬ್ಲಾಕ್ ತೆಗೆದುಕೊಂಡು ಕೂರಿಸುತ್ತಾರೆ. ಭಾನುವಾರದ ಮೆಗಾಬ್ಲಾಕಿಗೆ ಗೊಣಗುವ ನಾವು ಸೋಮವಾರ ಬೆಳಿಗ್ಗೆ ಲೋಕಲ್ ಹಿಡಿಯುವುದು ಆ ಲೆಕ್ಕಾಚಾರದಿಂದಲೇ. ಹೆದ್ದಾರಿಯ ಹಳೇ ಸೇತುವೆಗಳ ಮಟ್ಟಿಗೆ ಮಾತ್ರ ಆ ಶಿಸ್ತು ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಹತ್ತು ವಾರಾಂತ್ಯ, 14 ಸೇತುವೆ

ಈ ವಿಷಯದಲ್ಲಿ ನಾನು ಹೊಸ ಹುಡುಗರಿಗೆ ಮೊದಲು ಹೇಳುವ ಉದಾಹರಣೆ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ್ದು. ಬಾಸ್ಟನ್ ಹತ್ತಿರದ ಮೆಡ್‌ಫರ್ಡ್ ಊರಿನ ಮೂಲಕ ಹಾಯುವ ಐ-93 ಹೆದ್ದಾರಿಯಲ್ಲಿ 14 ಸೇತುವೆಗಳು ಹಳತಾಗಿದ್ದವು. 2010ರಲ್ಲಿ ಒಂದು ಸೇತುವೆಯ ಡೆಕ್ಕಿನ ಭಾಗ ಕುಸಿದು ತೂತು ಬಿತ್ತು. ಮಾಮೂಲು ರೀತಿಯಲ್ಲಿ ಒಂದೊಂದಾಗಿ ಬದಲಿಸುತ್ತ ಹೋದರೆ ನಾಲ್ಕು ವರ್ಷ ಬೇಕಿತ್ತು. ಅಷ್ಟೂ ಕಾಲ ಆ ಹೆದ್ದಾರಿಯಲ್ಲಿ ಕಿರಿದಾದ ದಾರಿ, ಟ್ರಾಫಿಕ್ ಜಾಮ್. ಅದರ ಬದಲು 2011ರ ಬೇಸಿಗೆಯಲ್ಲಿ ಹತ್ತು ವಾರಾಂತ್ಯಗಳಲ್ಲಿ ಹದಿನಾಲ್ಕನ್ನೂ ಬದಲಿಸಿದರು. ‘ಫಾಸ್ಟ್ 14’ ಎಂದು ಆ ಕೆಲಸಕ್ಕೆ ಹೆಸರು.

ಪ್ರತಿ ವಾರಾಂತ್ಯಕ್ಕೂ ಸಿಗುತ್ತಿದ್ದದ್ದು ಸುಮಾರು 55 ಗಂಟೆ. ಶುಕ್ರವಾರ ರಾತ್ರಿ ಹೆದ್ದಾರಿಯ ಒಂದು ಬದಿಯನ್ನು ಮುಚ್ಚಿ ಎರಡೂ ದಿಕ್ಕಿನ ವಾಹನಗಳನ್ನು ಇನ್ನೊಂದು ಬದಿಗೆ ತಿರುಗಿಸುತ್ತಿದ್ದರು. ಹಳೇ ಡೆಕ್ಕನ್ನೂ ತೊಲೆಗಳನ್ನೂ ಒಡೆದು ತೆಗೆದು, ಗಟ್ಟಿಯಿದ್ದ ಹಳೇ ಕಂಬಗಳ ತಲೆಯನ್ನು ಮಟ್ಟಮಾಡಿ, ಕಾರ್ಖಾನೆಯಲ್ಲಿ ಮೊದಲೇ ಸಿದ್ಧವಾಗಿದ್ದ ಉಕ್ಕಿನ ತೊಲೆ ಸಮೇತದ ಸ್ಲ್ಯಾಬ್ ತುಂಡುಗಳನ್ನು ಕ್ರೇನಿನಿಂದ ಇಳಿಸುತ್ತಿದ್ದರು. ತುಂಡುಗಳ ನಡುವಿನ ಸಂದಿಗೆ ಕೆಲವೇ ಗಂಟೆಗಳಲ್ಲಿ ಬಲ ಪಡೆಯುವ ವಿಶೇಷ ಕಾಂಕ್ರೀಟು. ಸೋಮವಾರ ಬೆಳಿಗ್ಗೆ ಜನ ಆಫೀಸಿಗೆ ಹೊರಡುವ ಹೊತ್ತಿಗೆ ಹೊಸ ಸೇತುವೆ.

ಇನ್ನೂ ಕೆಲವು ದಾರಿಗಳಿವೆ. ಹೊಸ ಸೇತುವೆಯ ಮೇಲ್ಭಾಗವನ್ನು ಹಳೆಯದರ ಪಕ್ಕದಲ್ಲೇ ತಾತ್ಕಾಲಿಕ ಕಂಬಗಳ ಮೇಲೆ ಪೂರ್ತಿ ಕಟ್ಟಿ, ಹಳೆಯದನ್ನು ತೆಗೆದ ರಾತ್ರಿ ಜಾಕ್‌ಗಳಿಂದ ಅಡ್ಡಡ್ಡಲಾಗಿ ಜಾರಿಸಿ ಕೂರಿಸುವುದು ಒಂದು. ನೂರಾರು ಚಕ್ರಗಳಿರುವ, ಪ್ರತಿ ಚಕ್ರವನ್ನೂ ಬೇಕಾದತ್ತ ತಿರುಗಿಸಬಹುದಾದ ವಾಹನಗಳ ಮೇಲೆ ಇಡೀ ಸೇತುವೆಯನ್ನೇ ಹೊತ್ತು ತರುವುದು ಇನ್ನೊಂದು. 2007ರಲ್ಲಿ ಅಮೆರಿಕದ ಯೂಟಾ ರಾಜ್ಯದವರು ಸಾಲ್ಟ್ ಲೇಕ್ ಸಿಟಿಯಲ್ಲಿ ಹೆದ್ದಾರಿಯ ಮೇಲಿನ ಒಂದು ಸೇತುವೆಯನ್ನು ಹೀಗೆ ಒಂದೇ ವಾರಾಂತ್ಯದಲ್ಲಿ ಬದಲಿಸಿದರು.

2015ರ ನವೆಂಬರಿನಲ್ಲಿ ಬೀಜಿಂಗಿನ ಸಾನ್‌ಯುಆನ್ ಸೇತುವೆಯನ್ನು 43 ಗಂಟೆಗಳಲ್ಲಿ ಬದಲಿಸಿದ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ನನಗಂತೂ ಊರಿನ ಮೂವರು ಚಿಕ್ಕಪ್ಪಂದಿರು ‘ನೋಡು, ಚೀನಾದವರನ್ನು ನೋಡಿ ಕಲಿಯಿರಿ’ ಎಂದು ಬರೆದು ಕಳಿಸಿದ್ದರು. ಸುಮಾರು 1,300 ಟನ್ ತೂಕದ ಹೊಸ ಮೇಲ್ಭಾಗವನ್ನು ಪಕ್ಕದಲ್ಲೇ ಮೊದಲೇ ಜೋಡಿಸಿಟ್ಟಿದ್ದರಿಂದ 43 ಗಂಟೆ ಸಾಕಾಯಿತು. ಆ ಜೋಡಣೆಯ ದಿನಗಳು ವಿಡಿಯೊದಲ್ಲಿ ಬರುವುದಿಲ್ಲ. ಸಾವಿತ್ರಿಯಲ್ಲೂ ಹಾಗೆಯೇ. ಸೇತುವೆ ಬಿದ್ದ ದಿನದಿಂದ ಉದ್ಘಾಟನೆಯವರೆಗೆ ಹತ್ತು ತಿಂಗಳು. 165 ದಿನ ಎಂಬುದು ಕಟ್ಟುವ ಕೆಲಸದ ಲೆಕ್ಕ.

50 ಮಿಲಿಮೀಟರಿನ ಪಾಠ

ಬೇಗ ಕಟ್ಟುವುದರಲ್ಲಿ ಅಪಾಯವೂ ಇದೆ. ಅದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ಕೆಲ ವರ್ಷಗಳ ಹಿಂದೆ ಸಹ್ಯಾದ್ರಿಯ ತಪ್ಪಲಿನ ಒಂದು ಹಳೇ ಸೇತುವೆಯ ಮೇಲ್ಭಾಗ ಬದಲಿಸುವ ಕೆಲಸವಿತ್ತು. ಚಿಕ್ಕ ಸೇತುವೆ. ಆದರೆ ಬದಲಿ ದಾರಿ ಹಿಡಿದರೆ 30 ಕಿಲೋಮೀಟರ್ ಸುತ್ತು. ಪೊಲೀಸರು ಎರಡು ರಾತ್ರಿ, ಒಂದು ಹಗಲು ರಸ್ತೆ ಮುಚ್ಚಲು ಅನುಮತಿ ಕೊಟ್ಟರು. ಯಾರ್ಡಿನಲ್ಲಿ 14 ಸ್ಲ್ಯಾಬ್ ತುಂಡುಗಳನ್ನು ಎರಕ ಹೊಯ್ದು ಎರಡು ತಿಂಗಳು ಬಲಿಸಿದ್ದೆವು. ಪ್ರತಿ ತುಂಡಿನ ಅಂಚಿನಿಂದ ಕಂಬಿಯ ಕುಣಿಕೆಗಳು ಹೊರಗೆ ಚಾಚಿಕೊಂಡಿರುತ್ತವೆ. ಪಕ್ಕದ ತುಂಡಿನ ಕುಣಿಕೆಗಳ ನಡುವೆ ಅವು, ಎರಡು ಕೈಗಳ ಬೆರಳು ಸೇರಿಸಿದ ಹಾಗೆ, ಸೇರಿಕೊಳ್ಳಬೇಕು. ಆಮೇಲೆ ಆ ಸಂದಿಗೆ ಕಾಂಕ್ರೀಟು.

ಹನ್ನೆರಡು ತುಂಡುಗಳು ಗಡಿಯಾರ ಹಿಡಿದಂತೆ ಕೂತವು. ಹದಿಮೂರನೆಯದನ್ನು ಕ್ರೇನಿನಿಂದ ಇಳಿಸಿದಾಗ ಕುಣಿಕೆಗೆ ಕುಣಿಕೆ ಡಿಕ್ಕಿ ಹೊಡೆಯಿತು. ಮಳೆನೀರಿನ ಕೊಳವೆಗೆ ಜಾಗ ಬಿಡಲು ಆ ಒಂದು ತುಂಡಿನಲ್ಲಿ ಕಂಬಿಗಳನ್ನು 50 ಮಿಲಿಮೀಟರ್ ಸರಿಸಿ ನಕ್ಷೆ ತಿದ್ದಿದ್ದೆವು. ತಿದ್ದಿದ ನಕ್ಷೆ ಸೈಟಿಗೆ ಹೋಗಿತ್ತು, ಯಾರ್ಡಿಗೆ ಹೋಗಿರಲಿಲ್ಲ. ಎರಡಕ್ಕೂ ಕಳಿಸಿ ಖಾತರಿ ಮಾಡಿಕೊಳ್ಳಬೇಕಾದವನು ನಾನು. ಕಂಬಿಯನ್ನು ಸುಮ್ಮನೆ ಬಗ್ಗಿಸಿ ಕೂರಿಸೋಣ ಎಂದು ಗುತ್ತಿಗೆದಾರರ ಸೂಪರ್‌ವೈಸರ್ ಹೇಳಿದ. ಹಾಗೆ ಮಾಡಿದರೆ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ರಸ್ತೆ ತೆರೆಯಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹತ್ತು ವರ್ಷದ ಮೇಲೆ ಆ ಸಂದಿಯೇ ಮೊದಲು ಬಾಯಿ ಬಿಡುತ್ತಿತ್ತು. ವಿನ್ಯಾಸ ಮಾಡಿದ ಹಿರಿಯರನ್ನು ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಮಾತಾಡಿದೆ. ಅಡ್ಡ ಬಂದ ಕಂಬಿಗಳನ್ನು ಕತ್ತರಿಸಿ, ಕಾಂಕ್ರೀಟಿನಲ್ಲಿ ಹೊಸದಾಗಿ ರಂಧ್ರ ಕೊರೆದು, ಎಪಾಕ್ಸಿ ತುಂಬಿ ಬೇರೆ ಕಂಬಿ ಕೂರಿಸಿದೆವು. ರಸ್ತೆ ತೆರೆದದ್ದು ಒಂಬತ್ತು ಗಂಟೆ ತಡವಾಗಿ.

ಆ ಬೆಳಿಗ್ಗೆ ಬ್ಯಾರಿಕೇಡಿನ ಆಚೆ ಟೊಮೆಟೊ ಕ್ರೇಟುಗಳ ಪಕ್ಕ ಕೂತಿದ್ದ ಒಬ್ಬ ಹೆಂಗಸು ನನ್ನ ಹೆಲ್ಮೆಟ್ ನೋಡಿ, ‘ಸಾಹೇಬ, ಆಜಚಾ ಬಾಜಾರ್ ಗೇಲಾ’ ಎಂದಳು. ಇವತ್ತಿನ ಸಂತೆ ಹೋಯಿತು ಎಂದು. ಸಿಟ್ಟಿನಿಂದ ಅಲ್ಲ, ಸುಮ್ಮನೆ ಹೇಳಿದಳು. ನನ್ನ ಒಂಬತ್ತು ಗಂಟೆ ಅವಳಿಗೆ ಒಂದು ವಾರದ ದುಡಿಮೆ. ಅಂದಿನಿಂದ ನಮ್ಮ ತಂಡದಲ್ಲಿ ಒಂದು ನಿಯಮವಿದೆ. ರಸ್ತೆ ಮುಚ್ಚುವ ಮೊದಲು ಎಲ್ಲ ತುಂಡುಗಳನ್ನು ಯಾರ್ಡಿನಲ್ಲೇ ಅಕ್ಕಪಕ್ಕ ಜೋಡಿಸಿ ನೋಡಲೇಬೇಕು. ಅದಕ್ಕೆ ಒಂದು ವಾರ ಹೆಚ್ಚು ಹೋದರೂ ಸರಿ, ಯಾರ್ಡಿನ ವಾರದಿಂದ ಯಾರ ಸಂತೆಯೂ ತಪ್ಪುವುದಿಲ್ಲ.

ಅಂಧೇರಿ ಹೇಳುವುದೇನು?

ಮುಂಬೈ ಕನ್ನಡಿಗರಿಗೆ ಅಂಧೇರಿಯ ಗೋಖಲೆ ಸೇತುವೆಯ ಕಥೆ ಹೇಳಬೇಕಾಗಿಲ್ಲ. 2018ರ ಜುಲೈನಲ್ಲಿ ಅದರ ಕಾಲುದಾರಿಯ ಭಾಗ ರೈಲು ಹಳಿಯ ಮೇಲೆ ಬಿತ್ತು. 2022ರ ನವೆಂಬರಿನಲ್ಲಿ ಇಡೀ ಸೇತುವೆಯನ್ನು ಮುಚ್ಚಿದರು. ಪೂರ್ವದಿಂದ ಪಶ್ಚಿಮಕ್ಕೆ ಹೋಗುವವರ ದಿನಚರಿಯೇ ಬದಲಾಯಿತು. ಹಳಿಗಳ ಮೇಲೆ ಭಾರೀ ಉಕ್ಕಿನ ಗರ್ಡರನ್ನು ರೈಲ್ವೆಯ ರಾತ್ರಿ ಬ್ಲಾಕ್‌ಗಳಲ್ಲಿ ಸರಿಸಿ ಕೂರಿಸಿದ್ದು ನಿಜಕ್ಕೂ ಅಚ್ಚುಕಟ್ಟಿನ ಕೆಲಸ. 2024ರ ಫೆಬ್ರುವರಿ 26ರಂದು ಒಂದು ಬದಿ ತೆರೆಯಿತು. ಆಗ ನೋಡಿದರೆ ಪಕ್ಕದ ಬರ್ಫಿವಾಲಾ ಮೇಲ್ಸೇತುವೆಗೂ ಇದಕ್ಕೂ ಆಳೆತ್ತರದಷ್ಟು ಮಟ್ಟದ ವ್ಯತ್ಯಾಸ! ಎರಡನ್ನೂ ಸೇರಿಸಲು ಜುಲೈ ಬಂತು. ಪೂರ್ತಿ ಸೇತುವೆ ಸಂಚಾರಕ್ಕೆ ಸಿಕ್ಕಿದ್ದು 2025ರ ಮೇ ತಿಂಗಳಲ್ಲಿ.

ಇಲ್ಲಿ ಯಾರನ್ನೂ ಹಳಿಯುವುದು ನನ್ನ ಉದ್ದೇಶವಲ್ಲ. 50 ಮಿಲಿಮೀಟರಿಗೆ ಎಡವಿದವನಿಗೆ ಆ ಅಧಿಕಾರವೂ ಇಲ್ಲ. ಆದರೆ ಎರಡೂ ಪ್ರಸಂಗಗಳು ಹೇಳುವುದು ಒಂದೇ. ಕ್ರೇನು, ಜಾಕು, ವಿಶೇಷ ಕಾಂಕ್ರೀಟು ಎಲ್ಲವೂ ಇಂದು ನಮ್ಮ ದೇಶದಲ್ಲಿ ಸಿಗುತ್ತವೆ. ವೇಗ ಸೋರಿಹೋಗುವುದು ಒಂದು ಇಲಾಖೆಯ ಮೇಜಿನಿಂದ ಇನ್ನೊಂದರ ಮೇಜಿಗೆ ಕಾಗದ ಹೋಗುವ ನಡುವೆ. ನಕ್ಷೆ, ಅನುಮತಿ, ಭೂಮಿ, ವಿದ್ಯುತ್ ತಂತಿ, ನೀರಿನ ಪೈಪು, ಇವೆಲ್ಲ ರಸ್ತೆ ಮುಚ್ಚುವ ಮೊದಲೇ ಮುಗಿದಿರಬೇಕು. ನಮ್ಮಲ್ಲಿ ಅನೇಕ ಸಲ ಮೊದಲು ರಸ್ತೆ ಮುಚ್ಚುತ್ತೇವೆ, ಆಮೇಲೆ ಪತ್ರ ಬರೆಯಲು ಶುರು ಮಾಡುತ್ತೇವೆ.

ಒಂದು ದಿನದ ಬೆಲೆ

ಬೇಗ ಕಟ್ಟಿದರೆ ಖರ್ಚು ಹೆಚ್ಚಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಹೌದು, ದೊಡ್ಡ ಕ್ರೇನು, ಯಾರ್ಡು, ರಾತ್ರಿ ಪಾಳಿ ಎಲ್ಲ ಸೇರಿ ಟೆಂಡರ್ ಮೊತ್ತ ಹೆಚ್ಚುತ್ತದೆ. ಆದರೆ ಟೆಂಡರಿನಲ್ಲಿ ಬರೆಯದ ಖರ್ಚು ಇನ್ನೊಂದಿದೆ. ಸುತ್ತು ಹೊಡೆಯುವ ಲಾರಿಯ ಡೀಸೆಲ್ಲು, ತಪ್ಪಿದ ಸಂತೆ, ಆಸ್ಪತ್ರೆಗೆ ತಡವಾದ ಆಂಬುಲೆನ್ಸು. ಇದನ್ನು ಕೊಡುವವರು ದಾರಿಹೋಕರು. ಹಾಗಾಗಿ ಯಾವ ಕಡತದಲ್ಲೂ ಅದು ಕಾಣಿಸುವುದಿಲ್ಲ.

ಅದನ್ನು ಕಾಗದದ ಮೇಲೆ ತಂದ ಉದಾಹರಣೆ ಇದೆ. 1994ರ ಜನವರಿಯ ಭೂಕಂಪದಲ್ಲಿ ಲಾಸ್ ಏಂಜಲಿಸ್‌ನ ಸಾಂಟಾ ಮೋನಿಕಾ ಹೆದ್ದಾರಿಯ ಸೇತುವೆಗಳು ಕುಸಿದವು. ದುರಸ್ತಿಗೆ 140 ದಿನಗಳ ಗಡುವು. ಒಂದು ದಿನ ಮೊದಲು ಮುಗಿಸಿದರೆ 2 ಲಕ್ಷ ಡಾಲರ್ ಬಹುಮಾನ, ಒಂದು ದಿನ ತಡವಾದರೆ ಅಷ್ಟೇ ದಂಡ ಎಂದು ಕರಾರಿನಲ್ಲಿ ಬರೆದರು. ಗುತ್ತಿಗೆದಾರ ಸಿ.ಸಿ. ಮೈಯರ್ಸ್ 66 ದಿನಗಳಲ್ಲಿ ಮುಗಿಸಿ 1.48 ಕೋಟಿ ಡಾಲರ್ ಬಹುಮಾನ ಪಡೆದರು. ಜನರ ಒಂದು ದಿನಕ್ಕೆ ಬೆಲೆ ಕಟ್ಟಿದ್ದರಿಂದ ಗುತ್ತಿಗೆದಾರನೂ ಗಡಿಯಾರ ನೋಡಿಕೊಂಡೇ ಕೆಲಸ ಮಾಡಿದ. ನಮ್ಮ ಕರಾರುಗಳಲ್ಲೂ ದಂಡದ ಮಾತು ಇರುತ್ತದೆ. ಆದರೆ ಜಾಗವೇ ತಡವಾಗಿ ಕೈಗೆ ಬಂದರೆ ದಂಡ ಹಾಕುವುದು ಯಾರಿಗೆ?

ಎಲ್ಲ ಸೇತುವೆಗೂ ಈ ಮದ್ದು ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ನದಿಯ ತಳ ಕೊರೆದುಹೋಗಿ ಅಡಿಪಾಯವೇ ಸಡಿಲವಾಗಿದ್ದರೆ ವಾರಾಂತ್ಯದಲ್ಲಿ ಏನೂ ಮಾಡಲಾಗದು. ಕೆಳಗಿನದು ಗಟ್ಟಿಯಿದ್ದು ಮೇಲಿನದು ಸವೆದಿದ್ದರೆ ಮಾತ್ರ ಮೇಲ್ಭಾಗವನ್ನು ಬದಲಿಸಬಹುದು. ಪಟ್ನಾದಲ್ಲಿ ಗಂಗೆಯ ಮೇಲಿನ, ಐದೂವರೆ ಕಿಲೋಮೀಟರಿಗೂ ಉದ್ದದ ಮಹಾತ್ಮ ಗಾಂಧಿ ಸೇತುವೆಯಲ್ಲಿ ಹೀಗೆ ಮಾಡಿದ್ದಾರೆ. 1982ರ ಕಾಂಕ್ರೀಟ್ ಮೇಲ್ಭಾಗವನ್ನು ತೆಗೆದು ಹಳೇ ಕಂಬಗಳ ಮೇಲೇ ಉಕ್ಕಿನ ಚೌಕಟ್ಟು ಕೂರಿಸಿದರು. ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿ. 2022ರಲ್ಲಿ ಕೆಲಸ ಮುಗಿಯಿತು. ಉದ್ದದ ಕಾರಣ ವರ್ಷಗಳೇ ಹಿಡಿದವು, ಆದರೆ ದಾರಿ ಪೂರ್ತಿ ನಿಲ್ಲಲಿಲ್ಲ.

ಸೇತುವೆ ಬೀಳುವ ಮೊದಲು ಬದಲಿಸುವುದಕ್ಕೂ ಬಿದ್ದ ಮೇಲೆ ಕಟ್ಟುವುದಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ನಿಂತಿರುವ ಸೇತುವೆಯಾದರೆ ಕಂಬ ಪರೀಕ್ಷಿಸಬಹುದು, ಯಾರ್ಡಿನಲ್ಲಿ ತುಂಡು ಬಲಿಸಬಹುದು, ಮಳೆ ಕಳೆದ ಮೇಲೆ ಒಳ್ಳೆಯ ದಿನ ನೋಡಿ ಕೆಲವೇ ರಾತ್ರಿ ರಸ್ತೆ ಮುಚ್ಚಬಹುದು. ಬಿದ್ದ ಮೇಲೆ ಮೊದಲು ಹೆಣ ಹುಡುಕಬೇಕು, ಆಮೇಲೆ ನದಿಯಿಂದ ಅವಶೇಷ ಎತ್ತಬೇಕು, ತನಿಖೆ ಮುಗಿಯಬೇಕು. ಹೊಸ ಅಡಿಪಾಯದ ಮಾತು ಅದಾದ ಮೇಲೆ.

ಯಾವ ಸೇತುವೆಗೆ ಸರದಿ ಬಂದಿದೆ ಎಂದು ತಿಳಿಯುವ ದಾರಿಯೂ ನಮ್ಮಲ್ಲಿದೆ. ಸಾವಿತ್ರಿ ದುರಂತದ ವರ್ಷವೇ, 2016ರ ಅಕ್ಟೋಬರಿನಲ್ಲಿ, ಕೇಂದ್ರ ಹೆದ್ದಾರಿ ಸಚಿವಾಲಯ ದೇಶದ ಸೇತುವೆಗಳ ಎಣಿಕೆ ಮತ್ತು ಆರೋಗ್ಯ ದಾಖಲೆಗೆಂದು ಐಬಿಎಂಎಸ್ ಎಂಬ ವ್ಯವಸ್ಥೆ ಶುರು ಮಾಡಿತು. ಪ್ರತಿ ಸೇತುವೆಗೂ ಒಂದು ಗುರುತಿನ ಸಂಖ್ಯೆ, ಅದರ ಸ್ಥಿತಿಗೆ ಅಂಕ. ಅಂಕ ಕಡಿಮೆ ಬಂದ ಸೇತುವೆಗೆ ಅಂದೇ ಹಣವೂ ದಿನಾಂಕವೂ ಗೊತ್ತಾಗಬೇಕು. ‘ಭಾರೀ ವಾಹನ ನಿಷೇಧ’ ಎಂಬ ಬೋರ್ಡು ಹಾಕಿ ಸುಮ್ಮನಾದರೆ ಅದು ಚಿಕಿತ್ಸೆಯಲ್ಲ. ಲಾರಿ ಚಾಲಕ ರಾತ್ರಿ ಒಂದು ಗಂಟೆಗೆ ಬೋರ್ಡು ಓದುವುದಿಲ್ಲ.

ಆಯಿಗೆ ಕೊಟ್ಟ ಉತ್ತರ

ಸೇತುವೆ ಬಿದ್ದ ಸರಿಯಾಗಿ ಒಂದು ತಿಂಗಳಿಗೆ ಚೌತಿ ಹಬ್ಬ ಬಂತು. ಮುಂಬೈಯಲ್ಲಿ ಎಷ್ಟು ದೊಡ್ಡ ಗಣಪತಿ ಕೂತರೂ ನಮ್ಮ ಕಡೆಯವರಿಗೆ ಮನೆಯ ಗಣಪತಿಯೇ ಆಗಬೇಕು. ಕಾರಿನಲ್ಲೇ ಹೊರಟೆವು. ಮಹಾಡದಲ್ಲಿ ಸಾವಿತ್ರಿಯ ಹೊಸ ಸೇತುವೆ ಅರ್ಧ ನಿಮಿಷದಲ್ಲಿ ಹಿಂದೆ ಸರಿಯಿತು. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಸದಾಶಿವಗಡದ ಮನೆಗೆ ನದಿ ದಾಟುವ ಅಗತ್ಯವಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಗಣಪತಿಗೆ ಹೂವು ತರುವ ನೆವದಲ್ಲಿ ಆಯಿಯನ್ನೂ ಕರೆದುಕೊಂಡು ಕಾರವಾರಕ್ಕೆ ಹೊರಟೆ. ಹೋಗುವ ಬರುವ ವಾಹನಗಳೆಲ್ಲ ಈಗ ಒಂದೇ ಸೇತುವೆಯ ಮೇಲೆ. ಪಕ್ಕದಲ್ಲಿ ಹಳೆಯದರ ಮುರಿದ ತುಂಡುಗಳು ನೀರಿನಲ್ಲಿ ಓರೆಯಾಗಿ ಬಿದ್ದಿದ್ದವು. ಅಪ್ಪ ಬಗ್ಗಿ ತೋರಿಸಿದ ಜಾಗ ಯಾವುದೆಂದು ಗುರುತು ಸಿಗಲಿಲ್ಲ.

‘ನೀ ಉತ್ತರ ಹೇಳ್ತೆ ಅಂದಿದ್ದೆ’ ಎಂದಳು ಆಯಿ.

ಎರಡನೇ ಪ್ರಶ್ನೆಯಿಂದ ಶುರು ಮಾಡಿದೆ. ವಯನಾಡಿನ ಚೂರಲ್‌ಮಲದಲ್ಲಿ ಸೈನ್ಯದವರು ಕಟ್ಟಿದ್ದು ಬೈಲಿ ಸೇತುವೆ. 190 ಅಡಿ ಉದ್ದ, 24 ಟನ್ ಭಾರಕ್ಕೆ ಮಾಡಿದ್ದು. ಕಟ್ಟಿದವರು ನಮ್ಮ ಬೆಂಗಳೂರಿನಲ್ಲೇ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನವರು. ಉಕ್ಕಿನ ಚೌಕಟ್ಟುಗಳನ್ನು ಗೋದಾಮಿನಲ್ಲಿ ಮೊದಲೇ ಇಟ್ಟಿರುತ್ತಾರೆ, ಪಿನ್ ಹಾಕಿ ಜೋಡಿಸುವುದನ್ನು ವರ್ಷವಿಡೀ ಅಭ್ಯಾಸ ಮಾಡಿರುತ್ತಾರೆ. ಅದು ತುರ್ತಿನ ಸೇತುವೆ, ಕಾಳಿಯಂಥ ಅಗಲದ ನದಿಗೆ, ದಿನವಿಡೀ ಭಾರೀ ಲಾರಿ ಓಡುವ ಹೆದ್ದಾರಿಗೆ ಅದು ಸಾಲದು. ಆದರೆ ಮೊದಲೇ ಸಿದ್ಧವಾಗಿದ್ದರೆ ಬೇಗ ಆಗುತ್ತದೆ ಎಂಬುದು ಎರಡಕ್ಕೂ ಒಂದೇ ಎಂದೆ.

‘ಮತ್ತೆ ಮೊದಲನೇದು?’

41 ವರ್ಷದ ಸೇತುವೆ, ಸಮುದ್ರದ ಉಪ್ಪುಗಾಳಿ, ಹೆಚ್ಚಿದ ಭಾರ. ಮೂರು ವಾರದ ಹಿಂದೆ ಅವಳನ್ನು ಕೂರಿಸಿಕೊಂಡು ದಾಟಿದಾಗ ಅದರ ಕೆಳಗೆ ಇಳಿದು ಒಮ್ಮೆ ನೋಡುವ ಯೋಚನೆ ನನಗೆ ಬಂದಿರಲಿಲ್ಲ. ಮುಂಬೈಯಲ್ಲಿ ದಿನಾ ಬೇರೆಯವರ ಸೇತುವೆಯ ಬಿರುಕು ಅಳೆಯುವವನು ನಾನು. ಊರಿನ ಸೇತುವೆ ಹೇಗಿದ್ದರೂ ಇರುತ್ತದೆ ಎಂದುಕೊಂಡಿದ್ದೆ. ‘ಗೊತ್ತಾಗಬೇಕಿತ್ತು ಆಯಿ, ನಾನು ನೋಡಲಿಲ್ಲ’ ಎಂದೆ.

ಅವಳು ಸ್ವಲ್ಪ ಹೊತ್ತು ನೀರಿನ ಕಡೆ ನೋಡಿದಳು. ‘ಹಾಗಾದ್ರೆ ವಾಪಸು ಹೋಗುವಾಗ ಈ ಹೊಸದರ ಕೆಳಗೊಂದು ಸಲ ಇಳಿದು ನೋಡು’ ಎಂದಳು.

ನನಗೆ ಪರೀಕ್ಷೆ ಮಾಡುವ ಅಧಿಕಾರವಿಲ್ಲ, ಬರಿಗಣ್ಣಿಗೆ ಕಾಣುವುದೂ ಕಡಿಮೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೂವು ಕೊಂಡು ವಾಪಸು ಬರುವಾಗ ಕಾರನ್ನು ದಡದಲ್ಲಿ ನಿಲ್ಲಿಸಿ, ಚಪ್ಪಲಿ ಬಿಟ್ಟು ಕೆಸರಿನಲ್ಲಿ ಇಳಿದೆ. ಆಯಿ ಕಾರಿನ ಕಿಟಕಿಯಿಂದ ಕಾಯುತ್ತಿದ್ದಳು.